ಹಾವಸೆ, ಕಡಲಪಾಚಿ ಕಳಿಸಿ ಲೋಹ ಪರೀಕ್ಷೆ ಮಾಡಿಸಿದೆವು: ಲ್ಯಾಬ್ ಹೇಗಿದೆ?

ಮೊದಲೇ ಹೇಳಿಬಿಡುತ್ತೇನೆ, ಐದಕ್ಕೆ ಮೂರು ಸ್ಟಾರ್. ಮಷಿನ್‌ಗೆ ಐದೂ ಕೊಡಬಹುದಿತ್ತು. ವರದಿ ಬರೆದವರಿಗೆ ಒಂದು ಕೊಡುವುದೂ ಕಷ್ಟ. ಹೆಸರು ಹಾಕುತ್ತಿಲ್ಲ, ಯಾಕೆಂದರೆ ಫೋನ್ ಮಾಡಿ ವಿಚಾರಿಸಿದ ಬೇರೆ ಕಡೆಗಳಲ್ಲೂ ಹೆಚ್ಚುಕಮ್ಮಿ ಇದೇ ಪದ್ಧತಿ. ಕುಡಿಯುವ ನೀರು, ಮಸಾಲೆ, ಮೀನು ಪರೀಕ್ಷೆ ಮಾಡಿಕೊಡುವ ಖಾಸಗಿ ಲ್ಯಾಬ್. ಊರು ದೂರ, ಸ್ಯಾಂಪಲ್ ಕೊರಿಯರ್‌ನಲ್ಲಿ ಹೋಗಬೇಕು.

ನಮ್ಮ ಕಡಲ ನೀರಲ್ಲಿ, ಗಾಳಿಯಲ್ಲಿ ಲೋಹ ಎಷ್ಟಿದೆ ಅಂತ ತಿಳಿಯಬೇಕಿತ್ತು. ನಾವು ಕಳಿಸಿದ್ದು ಕಾರವಾರದ ಕಡೆಯ ಬಂಡೆಗಳ ಕಡಲಪಾಚಿ ಮತ್ತು ಶಿರಸಿ ಕಡೆಯ ಹಾವಸೆ, ಅಂದರೆ ಮರ, ಪಾಗಾರದ ಮೇಲೆ ಹಸಿರಾಗಿ ಬೆಳೆಯುವ ಮಾಸ್. ಸುಮ್ನೆ ಒಂದು ಬಾಟಲಿ ನೀರು ಕಳಿಸಬಹುದಿತ್ತಲ್ಲ ಅಂತ ಕೇಳಿದವರೇ ಜಾಸ್ತಿ. ಬಾಟಲಿ ನೀರು ಹೇಳುವುದು ಅದನ್ನು ತುಂಬಿದ ಹೊತ್ತಿನ ಸುದ್ದಿ ಮಾತ್ರ. ಭರತದಲ್ಲಿ ಒಂದು ಲೆಕ್ಕ, ಇಳಿತದಲ್ಲಿ ಇನ್ನೊಂದು, ಕಾಳಿ ನದಿ ಮಳೆನೀರು ಹೊತ್ತು ತಂದರೆ ಮತ್ತೊಂದು. ಪಾಚಿ ಅಲ್ಲೇ ಬಂಡೆಗೆ ಅಂಟಿಕೊಂಡು ವಾರಗಟ್ಟಲೆ ಇರುತ್ತದೆ, ನೀರಲ್ಲಿ ಕರಗಿದ ತಾಮ್ರ, ಸತು, ಕ್ಯಾಡ್ಮಿಯಂ, ಸೀಸ ಎಲ್ಲ ಅದರ ಮೈಯಲ್ಲಿ ಸೇರುತ್ತಾ ಹೋಗುತ್ತದೆ. ಸಾರ್ಗಾಸಮ್‌ನಂಥ ಕಂದು ಪಾಚಿಯಲ್ಲಿ ಆಲ್ಜಿನೇಟ್ ಅನ್ನುವ ಅಂಟು ಇದೆ, ಐಸ್‌ಕ್ರೀಮಿಗೂ ಹಾಕುತ್ತಾರಲ್ಲ, ಅದೇ. ಲೋಹ ಅದಕ್ಕೆ ಚೆನ್ನಾಗಿ ಹಿಡಿಯುತ್ತದೆ.

ಹಾವಸೆಯದು ಗಾಳಿಯ ಲೆಕ್ಕ. ಅದಕ್ಕೆ ನಿಜವಾದ ಬೇರಿಲ್ಲ. ಎಲೆಯ ಮೇಲೆ ದಪ್ಪ ಮೇಣದ ಪದರವೂ ಇಲ್ಲ. ಮಳೆ, ಮಂಜು, ದೂಳಿನ ಜೊತೆ ಬಂದದ್ದೇ ಹೆಚ್ಚಿನ ಊಟ. ಸ್ವೀಡನ್ನಿನ ವಿಜ್ಞಾನಿಗಳಾದ ರೂಲಿಂಗ್ ಮತ್ತು ಟೈಲರ್ 1960ರ ದಶಕದ ಕೊನೆಯಲ್ಲೇ ಗಾಳಿಯಿಂದ ಬೀಳುವ ಲೋಹಕ್ಕೆ ಇದನ್ನು ಮಾಪಕವಾಗಿ ಬಳಸಿದ್ದರು. 1990ರಿಂದ ಯುರೋಪಿನ ಹಲವು ದೇಶಗಳು ಐದು ವರ್ಷಕ್ಕೊಮ್ಮೆ ಒಟ್ಟಾಗಿ ಹಾವಸೆ ಸಮೀಕ್ಷೆ ಮಾಡುತ್ತಿವೆ. ಅಮೆರಿಕದ ಪೋರ್ಟ್‌ಲ್ಯಾಂಡ್‌ನಲ್ಲಿ 2013ರಲ್ಲಿ ಮರಗಳ ಮೇಲಿನ ಹಾವಸೆಯ 346 ಸ್ಯಾಂಪಲ್ ತೆಗೆದಾಗ ಕ್ಯಾಡ್ಮಿಯಂ ಜಾಸ್ತಿ ಇರುವ ಜಾಗಗಳು ನಕ್ಷೆಯಲ್ಲಿ ಎದ್ದು ಕಂಡವು. ಹತ್ತಿರದಲ್ಲಿ ಇದ್ದದ್ದು ಬಣ್ಣದ ಗಾಜಿನ ಕಾರ್ಖಾನೆ. ಗಾಳಿ ಅಳೆಯುವ ಯಂತ್ರ ಅಲ್ಲಿಗೆ ಬಂದದ್ದು ಆಮೇಲೆ.

ಈಗ ಲ್ಯಾಬಿನ ವಿಷಯ. ಒಣಗಿಸಿ ಪುಡಿ ಮಾಡಿ, ನೈಟ್ರಿಕ್ ಆಮ್ಲ ಹಾಕಿ ಮೈಕ್ರೋವೇವ್‌ನಲ್ಲಿ ಕರಗಿಸಿ, ಯಾವ ಲೋಹ ಎಷ್ಟಿದೆ ಅಂತ ಅಳೆಯುವ ಐಸಿಪಿ-ಎಂಎಸ್ ಯಂತ್ರದಲ್ಲಿ ಓದುತ್ತಾರೆ. ಪರೀಕ್ಷೆಗೆಂದೇ ನಾವು ಒಂದೇ ಪಾಚಿಯನ್ನು ಎರಡು ಚೀಲಕ್ಕೆ ಹಾಕಿ ಬೇರೆ ಬೇರೆ ನಂಬರ್ ಬರೆದು ಕಳಿಸಿದ್ದೆವು. ಎರಡರ ಅಂಕಿಯೂ ಹತ್ತಿರ ಹತ್ತಿರ ಬಂತು. ಭೇಷ್ ಅನ್ನಿಸಿತು. ಹೇಳಿದ ದಿನಕ್ಕೆ ವರದಿಯೂ ಬಂತು, ದರದಲ್ಲಿ ಮುಚ್ಚುಮರೆ ಇಲ್ಲ. ಆದರೆ ಒಂದೊಂದು ಲೋಹಕ್ಕೆ ಬೇರೆ ಬೇರೆ ದುಡ್ಡು, ಹಾಗಾಗಿ ಬೇಕಾದ್ದು ಮಾತ್ರ ಕೇಳಿ.

ಎಡವಟ್ಟು ಶುರುವಾಗಿದ್ದು ಹಾವಸೆಯಲ್ಲಿ. ಅದನ್ನು ತೊಳೆಯಬಾರದು, ಕಸಕಡ್ಡಿ ಆರಿಸಿ 40 ಡಿಗ್ರಿಯಲ್ಲಿ ಒಣಗಿಸಿ ಅಂತ ಚೀಟಿ ಬರೆದೇ ಹಾಕಿದ್ದೆವು. ಅದು ಹಿಡಿದಿಟ್ಟ ದೂಳೇ ತಾನೇ ನಮಗೆ ಬೇಕಾದದ್ದು! ಫೋನ್ ಮಾಡಿದರೆ, 'ಮಣ್ಣಿತ್ತು ಸರ್, ನಲ್ಲಿ ನೀರಲ್ಲಿ ಚೆನ್ನಾಗಿ ತೊಳೆದು ಹಾಕಿದ್ದೇವೆ' ಅಂತ ಹೆಮ್ಮೆಯಿಂದ ಹೇಳಿದರು. ಏನು ಮಾಡೋದು ಮಾರಾಯ್ರೆ. ಎರಡನೇ ಸಲ ಪುಕ್ಕಟೆ ಮಾಡಿಕೊಟ್ಟರು, ಅದಕ್ಕೇ ಒಂದು ಸ್ಟಾರ್ ಉಳಿಯಿತು.

ಇನ್ನು ವರದಿ. ಅಂಕಿಗಳ ಪಕ್ಕ 'ಅನುಮತಿಸಿದ ಮಿತಿ' ಅಂತ ಒಂದು ಕಾಲಂ. ನೋಡಿದರೆ ಕುಡಿಯುವ ನೀರಿನ ಮಿತಿ! ಸೀಸಕ್ಕೆ ಲೀಟರಿಗೆ 0.01 ಮಿಲಿಗ್ರಾಂ, ಕ್ಯಾಡ್ಮಿಯಂಗೆ 0.003. ಒಣಗಿದ ಪಾಚಿಯ ಒಂದು ಕಿಲೋದಲ್ಲಿ ಇಷ್ಟಿದೆ ಅನ್ನುವುದನ್ನು ಅದರ ಜೊತೆ ಹೋಲಿಸಿದರೆ ಎಷ್ಟೇ ಶುದ್ಧವಾದ ಸಮುದ್ರದ ಪಾಚಿಯೂ ಫೇಲ್. ಎಲ್ಲ ಸಾಲಿನಲ್ಲೂ ಕೆಂಪು ಅಕ್ಷರ. ಅದನ್ನು ಯಾರೋ ಫೋಟೊ ತೆಗೆದು ವಾಟ್ಸ್ಯಾಪಿಗೆ ಹಾಕಿ, ಎರಡು ದಿನ ಮೀನು ತಿನ್ನಬಹುದೋ ಬಾರದೋ ಅಂತ ಗ್ರೂಪಿನಲ್ಲಿ ಗಲಾಟೆ. ಆರ್ಸೆನಿಕ್ಕಿನದೂ ಹಾಗೇ. ಕಡಲಪಾಚಿಯಲ್ಲಿ ಅದು ಸಹಜವಾಗಿಯೇ ಜಾಸ್ತಿ ಇರುತ್ತದೆ, ಬಹಳಷ್ಟು ಪಾಚಿಗಳಲ್ಲಿ ಹೆಚ್ಚಿನ ಪಾಲು ಅಷ್ಟು ವಿಷವಲ್ಲದ ರೂಪದಲ್ಲಿ. ಸಾರ್ಗಾಸಮ್ ಜಾತಿಯ ಕೆಲವದರಲ್ಲಿ ಮಾತ್ರ ಅಪಾಯದ ಅಜೈವಿಕ ರೂಪವೂ ಸಾಕಷ್ಟು ಇರುತ್ತದೆ. ಎರಡನ್ನೂ ಬೇರೆ ಮಾಡದೆ ಒಟ್ಟು ಅಂಕಿ ಬರೆದು ಕೆಂಪು ಬಳಿದರೆ ಏನು ತಿಳಿಯುತ್ತದೆ?

ಈ ಪರೀಕ್ಷೆಯಲ್ಲಿ ಒಂಟಿ ಅಂಕಿಗೆ ಬೆಲೆ ಇಲ್ಲ. ಅದೇ ಜಾತಿ, ಅದೇ ತಿಂಗಳು, ಬೇರೆ ಬೇರೆ ಜಾಗ, ಆಗ ಹೋಲಿಕೆ. ಬೋಟು ನಿಲ್ಲಿಸುವ ಕಡೆಯ ಪಾಚಿಯಲ್ಲಿ ತಾಮ್ರ ದೂರದ ಬಂಡೆಯದಕ್ಕಿಂತ ಜಾಸ್ತಿ ಬಂತು. ಬೋಟಿನ ತಳಕ್ಕೆ ಚಿಪ್ಪು ಹಿಡಿಯದಂತೆ ಬಳಿಯುವ ಬಣ್ಣದಲ್ಲಿ ತಾಮ್ರ ಇರುತ್ತದೆ, ಹಾಗಾಗಿ ಮೊದಲ ಅನುಮಾನ ಅದರ ಮೇಲೆ. ಶಿರಸಿಯ ಹಾವಸೆಯಲ್ಲೂ ಒಂದು ಚೀಲದಲ್ಲಿ ತಾಮ್ರ ಏರಿತ್ತು. ಕಾರ್ಖಾನೆ ಹುಡುಕಬೇಡಿ. ಅದು ಅಡಿಕೆ ತೋಟದ ಅಂಚಿನ ಪಾಗಾರದ್ದು, ಮಳೆಗಾಲದಲ್ಲಿ ಕೊಳೆರೋಗಕ್ಕೆ ಮೈಲುತುತ್ತ, ಸುಣ್ಣದ ಬೋರ್ಡೋ ಹೊಡೆಯುತ್ತಾರಲ್ವಾ? ಮೈಲುತುತ್ತ ಅಂದರೆ ತಾಮ್ರದ್ದೇ ಲವಣ. ಕಬ್ಬಿಣ ಎಲ್ಲದರಲ್ಲೂ ಜಾಸ್ತಿ, ನಮ್ಮ ಜಂಬಿಟ್ಟಿಗೆ ಮಣ್ಣಿನ ದೂಳೇ ಕೆಂಪು. ಈ ಯಾವ ಮಾತೂ ವರದಿಯಲ್ಲಿ ಇಲ್ಲ. ಸ್ಯಾಂಪಲ್ ಎಲ್ಲಿಯದು, ಯಾವ ತಿಂಗಳದ್ದು ಅಂತ ಅವರ ಫಾರಂ ಕೇಳುವುದೇ ಇಲ್ಲ.

ಆದರೂ ಮತ್ತೆ ಕಳಿಸುತ್ತೇನೆ, ಅಂಕಿ ನಂಬಿಕೆಗೆ ಅರ್ಹ. ನೀವೂ ಕಳಿಸುವುದಾದರೆ ಪಾಚಿಯನ್ನು ಅಲ್ಲಿಯ ಸಮುದ್ರದ ನೀರಲ್ಲೇ ಜಾಲಾಡಿಸಿ, ಮೇಲೆ ಹತ್ತಿದ ಸಣ್ಣ ಚಿಪ್ಪು ಕೆರೆದು ತೆಗೆಯಿರಿ. ಕಬ್ಬಿಣದ ಚಾಕು ಬೇಡ, ಪ್ಲಾಸ್ಟಿಕ್ಕಿನದು ಸಾಕು. ಹಾವಸೆಯನ್ನು ರಸ್ತೆ, ಮನೆಗಳಿಂದ ಕಡಿಮೆಯೆಂದರೂ 100 ಮೀಟರ್ ದೂರ, ಹೆದ್ದಾರಿಯಿಂದ 300 ಮೀಟರ್ ದೂರದಲ್ಲಿ ತೆಗೆಯಬೇಕು ಅನ್ನುವುದು ಯುರೋಪಿನವರ ನಿಯಮ. ತಗಡಿನ ಮಾಡಿನ ನೀರು ಬೀಳುವ ಜಾಗವಂತೂ ಬೇಡ, ತಗಡಿನ ಲೇಪದ ಸತು ಸೇರಿ ಅಂಕಿ ಸುಳ್ಳು ಹೇಳುತ್ತದೆ. ಚೀಟಿಯಲ್ಲಿ 'ತೊಳೆಯಬೇಡಿ' ಅಂತ ದೊಡ್ಡದಾಗಿ ಬರೆದು, ಹಿಂದಿನ ದಿನ ಫೋನ್ ಮಾಡಿಯೂ ಹೇಳಿ. ಮಿತಿಯ ಕಾಲಂ ಬೇಡ ಅಂದರೆ ತೆಗೆದು ಕೊಡುತ್ತಾರೆ, ನಾವು ಕೇಳಿದ ಮೇಲೆ ಕೊಟ್ಟರು.