ರೋಟಾಸೀಲ್ ಲಸಿಕೆ: ಸೆಕೆಗೆ ಜಗ್ಗದು, ಬೆರೆಸುವಾಗ ಜೋಪಾನ

ಪುಣೆಯ ಹಡಪ್ಸರದಲ್ಲಿರುವ ಸೀರಮ್ ಇನ್‌ಸ್ಟಿಟ್ಯೂಟ್‌ನ ರೋಟಾಸೀಲ್, ಎಳೆಗೂಸುಗಳಿಗೆ ರೋಟಾವೈರಸ್ ಭೇದಿ ಬಾರದಂತೆ ಬಾಯಿಗೆ ಹಾಕುವ ಲಸಿಕೆ. ದನದ ರೋಟಾವೈರಸ್‌ಗೆ ಮನುಷ್ಯರ ವೈರಸ್‌ನ ಹೊರಕವಚದ ಜೀನ್ ಕೂಡಿಸಿದ ಐದು ತಳಿಗಳು ಇದರಲ್ಲಿವೆ: ಜಿ1, ಜಿ2, ಜಿ3, ಜಿ4, ಜಿ9.

ಇದರ ದೊಡ್ಡ ಗುಣ ತಾಳಿಕೆ. ನೀರಿನಂಶ ತೆಗೆದು ಒಣಗಿಸಿದ ಪುಡಿಯಾದ್ದರಿಂದ 25 ಡಿಗ್ರಿಯೊಳಗೂ ಕೆಡದೆ ಉಳಿಯುತ್ತದೆ. ಕರೆಂಟ್ ಕೈಕೊಡುವ ಆರೋಗ್ಯ ಉಪಕೇಂದ್ರಗಳಿಗೆ ಇದು ನಿಜಕ್ಕೂ ವರ. ಲಸಿಕೆಗೆ ಸೆಕೆ ತಾಗಿದ್ದನ್ನು ಬಣ್ಣದಿಂದ ತೋರಿಸುವ, ಸೀಸೆಯ ಮೇಲಿನ ವಿವಿಎಂ ಗುರುತು ನೋಡಿ: ಒಳಗಿನ ಚೌಕ ಸುತ್ತಲಿನ ಬಣ್ಣಕ್ಕಿಂತ ತಿಳಿಯಾಗಿದ್ದರೆ ಬಳಸಬಹುದು, ಅಷ್ಟೇ ಗಾಢವಾದರೆ ಬೇಡ. ದ್ರವರೂಪದ ರೋಟಾಸೀಲ್ ಬೇರೆಯೇ ಇದೆ. ಅದನ್ನು ಬೆರೆಸಬೇಕಿಲ್ಲ, ಫ್ರಿಜ್ ಮಾತ್ರ ಬೇಕೇ ಬೇಕು.

ಪುಡಿಯದ್ದಾದರೆ ಎಡವುವುದು ಬೆರೆಸುವಲ್ಲೇ. ಜೊತೆಗೆ ಬರುವ 2.5 ಮಿಲಿ ಸಿಟ್ರೇಟ್-ಬೈಕಾರ್ಬೊನೇಟ್ ದ್ರಾವಣವನ್ನೇ ಬಳಸಬೇಕು, ಬೇರೆ ನೀರು ಸಲ್ಲದು. ಹೊಟ್ಟೆಯ ಆಮ್ಲದಿಂದ ವೈರಸ್ಸನ್ನು ಕಾಯುವುದು ಆ ದ್ರಾವಣವೇ. ಸೀಸೆಗೆ ಸಿರಿಂಜ್ ಜೋಡಿಸುವ ಅಡಾಪ್ಟರ್ ಕೂರಿಸಿ ದ್ರಾವಣ ತಳ್ಳಿ, ಪುಡಿ ಪೂರ್ತಿ ಕರಗುವ ತನಕ ಮೆಲ್ಲಗೆ ತಿರುಗಿಸಿ, ಸಿರಿಂಜಿಗೆ ಎಳೆದುಕೊಂಡು, ಮಗುವಿನ ಕೆನ್ನೆಯ ಒಳಬದಿಗೆ ಸ್ವಲ್ಪಸ್ವಲ್ಪವಾಗಿ ಬಿಡಬೇಕು. ಅವಸರಪಟ್ಟರೆ ಮಗು ಉಗುಳಿಬಿಡುತ್ತದೆ. ಕೈಯಲ್ಲಿ ಸಿರಿಂಜ್ ಇದೆಯೆಂದು ಸೂಜಿ ಹಾಕಿ ಚುಚ್ಚುವುದು ಮಾತ್ರ ಎಂದಿಗೂ ಕೂಡದು.

ಫಲ? 2017ರಲ್ಲಿ ಪ್ರಕಟವಾದ ನೈಜರ್ ದೇಶದ ಪ್ರಯೋಗದಲ್ಲಿ ತೀವ್ರ ರೋಟಾವೈರಸ್ ಭೇದಿಯ ವಿರುದ್ಧ ಶೇ. 66.7 ರಕ್ಷಣೆ ಕಂಡಿತು. ಭಾರತದ 7,500 ಶಿಶುಗಳಲ್ಲಿ ಎರಡು ವರ್ಷದವರೆಗೆ ಶೇ. 39.5, ಅತಿ ತೀವ್ರ ಭೇದಿಗೆ ಶೇ. 54.7. ಕಡಿಮೆ ಅನ್ನಿಸಬಹುದು. ಆದರೆ ಮಗುವನ್ನು ಡ್ರಿಪ್‌ಗೆ ಒಯ್ಯುವುದು ಆ ಅತಿ ತೀವ್ರ ಭೇದಿಯೇ. ಲಸಿಕೆ ಹಾಕಿಸಿದರೂ ಮನೆಯಲ್ಲಿ ಓಆರ್‌ಎಸ್ ಇರಲಿ, ಏಕೆಂದರೆ ಬೇರೆ ಸೋಂಕುಗಳಿಂದಾಗುವ ಭೇದಿಯನ್ನು ಇದು ತಡೆಯದು.

ಡೋಸ್ 6, 10, 14ನೇ ವಾರಕ್ಕೆ. ಹಾಕಿಸಿದ ಮೇಲೆ ಮಗು ಬಿಟ್ಟುಬಿಟ್ಟು ಕಿರುಚಿ ಅತ್ತು, ವಾಂತಿ ಮಾಡಿ, ಮಲದಲ್ಲಿ ರಕ್ತ ಕಂಡರೆ ತಡಮಾಡದೆ ಆಸ್ಪತ್ರೆಗೆ ಹೋಗಿ. ಅಪರೂಪವಾದರೂ ಕರುಳೊಳಗೆ ಕರುಳು ಸೇರಿಕೊಂಡಿರಬಹುದು.

ಪುಣೆಯ ನಮ್ಮ ಕನ್ನಡ ಮನೆಗಳ ಸೊಸೆಯಂದಿರು ಹೆರಿಗೆಗೆ ಧಾರವಾಡ, ಬೆಳಗಾವಿಯ ತವರಿಗೆ ಹೋಗುತ್ತಾರೆ. ಮೊದಲ ಡೋಸ್ ಅಲ್ಲಿ, ಉಳಿದದ್ದು ಇಲ್ಲಿ. ಆದಷ್ಟು ಒಂದೇ ಕಂಪನಿಯದ್ದಾಗಲಿ. ಸಿಗದಿದ್ದರೆ ಅದಕ್ಕೆಂದು ಡೋಸ್ ಮುಂದೂಡಬೇಡಿ. ಹಾಕಿದ್ದು ರೋಟಾಸೀಲೋ, ಭಾರತ್ ಬಯೋಟೆಕ್‌ನ ರೋಟಾವೈರಸ್ ಲಸಿಕೆ ರೋಟಾವ್ಯಾಕೋ ಎಂದು ತಾಯಿಕಾರ್ಡಿನಲ್ಲಿ ಅಲ್ಲೇ ಬರೆಸಿಕೊಂಡು ಬನ್ನಿ.