ಮಾಡೆಲ್ ಹಡಗಿನ ಕಿಟ್ ಮೇಲೆ 1:72 ಅಂತ ಬರೆದಿದ್ದ ಮಾತ್ರಕ್ಕೆ ನಂಬ್ಬೇಡಿ, ಮೊದ್ಲು ಅಳೀರಿ. ನಾನು ಅಳೀಲಿಲ್ಲ

ಐದು ತಿಂಗಳು ಹಾಳಾಯ್ತು. ದುಡ್ಡು ಹೋಗಿದ್ದು ಬೇರೆ, ಅದನ್ನ ಆಮೇಲೆ ನೋಡೋಣ, ಮೊದ್ಲು ಈ ಐದು ತಿಂಗಳ ಲೆಕ್ಕ ಹೇಳ್ತೀನಿ. ದಿನಾ ರಾತ್ರಿ ಊಟ ಆದ್ಮೇಲೆ ಎರಡು ಗಂಟೆ, ಭಾನುವಾರ ಪೂರ್ತಿ, ಬೆರಳ ತುದಿಯಲ್ಲಿ ಗಮ್ಮು, ಉಗುರಲ್ಲಿ ಮರದ ಪುಡಿ. ಇಷ್ಟೆಲ್ಲ ಮಾಡಿ ಕೊನೆಗೆ ನನ್ನ ಮುಂದೆ ಕೂತಿರೋದು ಒಂದು ಸುಳ್ಳು ಹಡಗು. ಬರೀಬೇಕೋ ಬೇಡ್ವೋ ಅಂತ ಒಂದು ವಾರ ಯೋಚ್ನೆ ಮಾಡ್ದೆ, ಯಾಕಂದ್ರೆ ಓದಿದವ್ರು ಮೊದ್ಲು ಕೇಳೋದೇ "ಅಷ್ಟೂ ಗೊತ್ತಾಗ್ಲಿಲ್ವಾ ನಿನಗೆ" ಅಂತ. ಗೊತ್ತಾಗ್ಲಿಲ್ಲ. ಅದಕ್ಕೇ ಬರೀತಿದೀನಿ.

ಮರದ ಹಡಗಿನ ಕಿಟ್ ತಗೊಂಡು ಕಟ್ಟೋರಿಗೆ ವಿಕ್ಟರಿ ಅಂದ್ರೆ ಏನು ಅಂತ ಹೇಳ್ಬೇಕಾಗಿಲ್ಲ. 1765ರಲ್ಲಿ ನೀರಿಗಿಳಿದ ಬ್ರಿಟಿಷ್ ಯುದ್ಧ ಹಡಗು, 1805ರಲ್ಲಿ ಟ್ರಫಾಲ್ಗರ್ ಯುದ್ಧದಲ್ಲಿ ಅಡ್ಮಿರಲ್ ನೆಲ್ಸನ್ ಸತ್ತಿದ್ದು ಇದ್ರ ಮೇಲೇ, 104 ಫಿರಂಗಿ, ಈಗ ಪೋರ್ಟ್ಸ್‌ಮತ್‌ನಲ್ಲಿ ಒಣ ಡಾಕ್‌ನಲ್ಲಿ ನಿಂತಿದೆ. ಎರಡು ಸಣ್ಣ ಹಡಗು ಮುಗಿಸಿದ್ದೆ, ಮೂರನೇದು ಇದೇ ಅಂತ ಬಹಳ ದಿನದಿಂದ ಮನಸ್ಸಲ್ಲಿತ್ತು. ಆನ್‌ಲೈನ್‌ನಲ್ಲಿ ಒಬ್ಬ ಮಾರ್ತಿದ್ದ. ಫೋಟೋ ನೋಡಿದ್ರೆ ಬಾಯಲ್ಲಿ ನೀರು ಬರ್ಬೇಕು, ಪ್ಲಾಂಕಿಂಗ್ (ಮೈಗೆ ಅಂಟಿಸೋ ಮರದ ಪಟ್ಟಿ) ಅಷ್ಟು ನೀಟು, ಡೆಡ್‌ಐ (ಹಗ್ಗ ಬಿಗಿಯೋ ತೂತಿನ ಬಿಲ್ಲೆ) ಒಂದೊಂದೂ ಒಂದೇ ಸಾಲಲ್ಲಿ, ಹಗ್ಗ ಒಂದೂ ಜೋತು ಬಿದ್ದಿಲ್ಲ. ಕೆಳಗೆ ಬರೆದಿದ್ದು: ಸ್ಕೇಲ್ 1:72 (ಅಂದ್ರೆ ನಿಜವಾದ ಹಡಗಿನ 72ನೇ ಒಂದು ಭಾಗದಷ್ಟು), ಅಸಲಿ ವಾಲ್ನಟ್, ಡಬಲ್ ಪ್ಲಾಂಕಿಂಗ್, ಲೇಸರ್ ಕಟ್. ಉದ್ದ ಎಷ್ಟು ಅಂತ ಬರೆದಿರ್ಲಿಲ್ಲ. ಇದನ್ನ ಇನ್ನೊಂದ್ಸಲ ಹೇಳ್ತೀನಿ, ಉದ್ದ ಎಷ್ಟು ಅಂತ ಎಲ್ಲೂ ಬರೆದಿರ್ಲಿಲ್ಲ. ಆಗ ಅದು ನನ್ನ ಕಣ್ಣಿಗೆ ಬೀಳ್ಲೇ ಇಲ್ಲ. ಒಳ್ಳೆ ಕಂಪನಿಗಳ ಕಿಟ್‌ಗಿಂತ ಅರ್ಧಕ್ಕೂ ಕಮ್ಮಿ ರೇಟು, ಅಲ್ಲೇ ಡೌಟ್ ಬರ್ಬೇಕಿತ್ತು, ನನಗೆ ಬಂದಿದ್ದು ಖುಷಿ.

ಬಾಕ್ಸ್ ಬಂತು. ಪ್ಲಾನ್ ಹಾಳೆ ಬಿಚ್ಚಿದೆ, ಗೆರೆಗಳೆಲ್ಲ ಮಸುಕು, ಜೆರಾಕ್ಸ್‌ನ ಜೆರಾಕ್ಸ್ ಥರ. ಕೆಳಗೆ ಬಲಮೂಲೆಯಲ್ಲಿ, ಮಾಮೂಲಾಗಿ ಕಂಪನಿ ಹೆಸರು, ಡ್ರಾಯಿಂಗ್ ನಂಬರ್ ಎಲ್ಲ ಇರೋ ಜಾಗದಲ್ಲಿ, ಒಂದು ಬಿಳಿ ಚೌಕ. ಬರೀ ಬಿಳಿ. ಯಾರದೋ ಕಿಟ್‌ನ ಪ್ಲಾನ್ ಸ್ಕ್ಯಾನ್ ಮಾಡಿ ಹೆಸರು ಅಳಿಸಿದ್ದು ಅಂತ ಈಗ ಎಂಥವ್ರಿಗೂ ಗೊತ್ತಾಗುತ್ತೆ. ಆವತ್ತು ನಾನು ಪ್ರಿಂಟಿಂಗ್ ಸರಿ ಬಂದಿಲ್ವೇನೋ ಅಂದ್ಕೊಂಡೆ. ಎಂಥಾ ಪುಣ್ಯಾತ್ಮ ನೋಡಿ ನಾನು.

ಕಟ್ಟೋಕೆ ಶುರು ಮಾಡಿದ ನಾಲ್ಕನೇ ದಿನ ಮೊದಲ್ನೇ ತೊಂದ್ರೆ. ಇದು ಮುಖ್ಯ, ಆಮೇಲೆ ಮತ್ತೆ ಬರ್ತೀನಿ ಇದಕ್ಕೆ. ಕೀಲ್ ಪೀಸ್‌ನಲ್ಲಿ, ಅಂದ್ರೆ ಹಡಗಿನ ಬೆನ್ನೆಲುಬಿನಂಥ ಹಲಗೆಯಲ್ಲಿ, ಗಾಡಿ ಅಂದ್ರೆ ಕಚ್ಚು ಇರುತ್ತಲ್ಲ, ಬಲ್ಕ್‌ಹೆಡ್ (ಅಡ್ಡ ಹಲಗೆ) ಕೂರ್ಸೋ ಗಾಡಿ, ಅದಕ್ಕೆ ಬಲ್ಕ್‌ಹೆಡ್ ಇಳೀತಾನೇ ಇಲ್ಲ. ಒಂದಲ್ಲ, ಎಲ್ಲವೂ. ಮಾಮೂಲಿ ಕಿಟ್‌ಗಳಲ್ಲಿ ಲೇಸರ್ ಸುಟ್ಟ ಕಪ್ಪು ಅಂಚನ್ನ ಸ್ವಲ್ಪ ಸ್ಯಾಂಡ್‌ಪೇಪರ್‌ನಲ್ಲಿ ಉಜ್ಜಿದ್ರೆ ಸಾಕು, ಬೆರಳಲ್ಲಿ ಒತ್ತಿದ್ರೆ ಕೂತ್ಕೊಳುತ್ತೆ. ಇದು ಸುತ್ತಿಗೆಗೂ ಜಗ್ಗಲ್ಲ. ಮಾರಿದವ್ನಿಗೆ ಮೆಸೇಜ್ ಹಾಕಿದೆ. ಹತ್ತು ನಿಮಿಷದಲ್ಲಿ ಉತ್ತರ:

"ಸರ್ ಟೈಟ್ ಫಿಟ್ ಅಂದ್ರೆ ಒಳ್ಳೆ ಕ್ವಾಲಿಟಿ. ಲೂಸ್ ಇದ್ರೆ ಹಡಗು ಅಲ್ಲಾಡುತ್ತೆ. ಸ್ವಲ್ಪ ಅರ ಹಾಕಿ ಸರ್."

ನಂಬಿದೆ. ನಂಬಿದ್ದಷ್ಟೇ ಅಲ್ಲ, ಇದೇ ಹವ್ಯಾಸ ಇರೋ ಇಬ್ರು ಸ್ನೇಹಿತ್ರಿಗೆ "ಟೈಟ್ ಇದ್ದಷ್ಟೂ ಒಳ್ಳೇದಂತೆ ಕಣ್ರೋ" ಅಂತ ನಾನೇ ಪಾಠ ಹೇಳಿದೆ. ಈಗ ಅವ್ರ ಮುಖ ನೋಡೋಕಾಗ್ತಿಲ್ಲ. ಒಂದು ವಾರ ಕೂತ್ಕೊಂಡು ಒಂದೊಂದು ಗಾಡಿಗೂ ಸಣ್ಣ ಅರ ಹಾಕಿ ಅಗಲ ಮಾಡ್ದೆ, ತೋರುಬೆರಳಲ್ಲಿ ಬೊಬ್ಬೆ ಬಂತು, ಹೆಂಡ್ತಿ ಬ್ಯಾಂಡೇಜ್ ಕೊಟ್ಟು "ಇದು ಹವ್ಯಾಸಾನೋ ಶಿಕ್ಷೇನೋ" ಅಂದ್ಲು. ನಕ್ಕೆ ಆವತ್ತು.

ಮೊದಲ್ನೇ ಪದರದ ಪ್ಲಾಂಕಿಂಗ್ ಹೇಗೋ ಮುಗೀತು. ಪಟ್ಟಿಗಳು ಒಣಕಲು, ಮೂತಿ ಹತ್ರ ಬಗ್ಗಿಸ್ವಾಗ ಮೂರಕ್ಕೊಂದು ಪಟ್ ಅಂತ ಮುರೀತಿತ್ತು. ಇರ್ಲಿ, ಅದು ಎಲ್ರಿಗೂ ಆಗುತ್ತೆ. ಎರಡನೇ ಪದರಕ್ಕೆ ಬಂದ್ವಿ, ಅದೇ ಆ "ಅಸಲಿ ವಾಲ್ನಟ್". ಅರ್ಧ ಮಿಲಿಮೀಟರ್ ದಪ್ಪದ ಪಟ್ಟಿ. ಬಗ್ಗಿಸೋಕೆ ಮುಂಚೆ ಬಿಸಿನೀರಲ್ಲಿ ನೆನೆ ಹಾಕಿ ಕೈ ತೊಳ್ಕೊಂಡು ಬಂದೆ. ಬಂದು ನೋಡಿದ್ರೆ ಟ್ರೇ ನೀರು ಕಂದು. ವಾಲ್ನಟ್ ಸ್ವಲ್ಪ ಬಣ್ಣ ಬಿಡುತ್ತೆ, ಅದು ನನಗೂ ಗೊತ್ತು, ಆದ್ರೆ ಇದು ಬಟ್ಟೆ ಬಣ್ಣ ಬಿಟ್ಟ ಹಾಗೆ, ಟ್ರೇ ತಳಾನೇ ಕಾಣ್ತಿಲ್ಲ. ಪಟ್ಟಿ ತೆಗೆದು ಒರೆಸಿದೆ, ಟಿಶ್ಯೂ ಎಲ್ಲ ಕಂದು. ಒಣಗಿದ ಮೇಲೆ ಬ್ಲೇಡ್‌ನಲ್ಲಿ ಒಂದು ಮೂಲೆ ಕೆರೆದೆ. ಒಳಗೆ ಬಿಳಿ. ಬೆಂಕಿಕಡ್ಡಿ ಬಣ್ಣದ ಬಿಳಿ. ಯಾವ್ದೋ ಅಗ್ಗದ ಮರಕ್ಕೆ ಬಣ್ಣ ಹಚ್ಚಿ ವಾಲ್ನಟ್ ಅಂತ ಕೊಟ್ಟಿದ್ದಾನೆ. ಇದನ್ನ ಅಂಟಿಸಿ ಆಮೇಲೆ ಸ್ಯಾಂಡ್ ಮಾಡಿದ್ರೆ ಹಡಗಿಗೆ ತೊನ್ನು ಹತ್ತಿದ ಹಾಗೆ ಕಾಣುತ್ತೆ. ಸ್ಯಾಂಡ್ ಮಾಡ್ದೆ ಬಿಡೋಕಾಗುತ್ತಾ?

ಕೆರೆದ ಮೂಲೆ ಫೋಟೋ ತೆಗೆದು ಕಳಿಸಿದೆ. ಉತ್ತರ:

"ಸರ್ ಮರ ನೈಸರ್ಗಿಕ ವಸ್ತು. ಬಣ್ಣದಲ್ಲಿ ವ್ಯತ್ಯಾಸ ಸಹಜ."

ವ್ಯತ್ಯಾಸ ಅಂತೆ! ಹೊರಗೆ ಕಂದು ಒಳಗೆ ಬಿಳಿ, ಇದು ಯಾವ ಕಾಡಲ್ಲಿ ಸಹಜ? ನಿಜವಾದ ವಿಕ್ಟರಿ ಕಟ್ಟೋಕೆ ಸುಮಾರು 6000 ಮರ ಕಡಿದ್ರಂತೆ, ಹೆಚ್ಚಿನದು ಓಕ್. ನನ್ನ ವಿಕ್ಟರಿಗೆ ಒಂದೇ ಒಂದು ಮರಾನೂ ಹೇಳಿದ್ದು ಕೊಟ್ಟಿಲ್ಲ.

ಆದ್ರೂ ನಾನು ಬಿಡ್ಲಿಲ್ಲ, ಇದೇ ನನ್ನ ಪೆದ್ದುತನ. ಅಷ್ಟು ದೂರ ಬಂದಾಗಿದೆ ಅಂತ ಬೇರೆ ಕಡೆಯಿಂದ ವಾಲ್ನಟ್ ಪಟ್ಟಿ ತರಿಸಿದೆ, ಮತ್ತೆ ದುಡ್ಡು. ಆ ಪಟ್ಟಿ ಚೆನ್ನಾಗಿತ್ತು, ಪ್ಲಾಂಕಿಂಗ್ ಚೆನ್ನಾಗಿ ಬಂತು, ನಾನೇ ಹೇಳ್ಕೋಬಾರ್ದು ಆದ್ರೆ ಬಂತು. ಆ ಎರಡು ವಾರ ಮಾತ್ರ ಈ ಇಡೀ ಕಥೆಯಲ್ಲಿ ನೆಮ್ಮದಿ.

ಆಮೇಲೆ ಫಿರಂಗಿ.

ಕೆಳಗಿನ ಡೆಕ್‌ಗಳಲ್ಲಿ ಕಿಂಡಿಗೆ ನಳಿಗೆ ಮಾತ್ರ ಅಂಟಿಸೋದು, ಒಳಗೆ ಕಾಣಲ್ಲ ಅಂತ. ಅವು ಕಿಂಡಿ ತುಂಬ ತುಂಬ್ಕೊಂಡು ದಪ್ಪ ಕಾಣಿಸ್ತಿತ್ತು. ಏನೋ ಒಂಥರಾ ಇದೆ ಅನ್ನಿಸ್ತು, ಏನು ಅಂತ ಹೊಳೀಲಿಲ್ಲ. ಮೇಲಿನ ಡೆಕ್‌ಗೆ ಬಂದಾಗ ಅಲ್ಲಿ ಫಿರಂಗಿ ನಾಲ್ಕು ಚಕ್ರದ ಬಂಡಿ ಸಮೇತ ಕೂರ್ಬೇಕು. ಮೊದಲ್ನೇ ಬಂಡಿ ಜೋಡಿಸಿ, ಪೇಂಟ್ ಹೊಡೆದು, ಟ್ವೀಜರ್‌ನಲ್ಲಿ ಹಿಡಿದು ಡೆಕ್ ಮೇಲಿಟ್ಟು ಮುಂದೆ ತಳ್ಳಿದೆ. ಟಕ್. ನಳಿಗೆ ಕಿಂಡಿಯಿಂದ ಹೊರಗೆ ಹೋಗ್ಲಿಲ್ಲ, ಕಿಂಡಿಯ ಮೇಲಂಚಿಗೆ ಹೋಗಿ ಬಡೀತು. ಇನ್ನೊಂದು ಕಿಂಡಿಗೆ ಇಟ್ಟೆ, ಟಕ್. ಮತ್ತೊಂದು, ಟಕ್. ನಾನೇ ಡೆಕ್ ಎತ್ತರ ತಪ್ಪು ಮಾಡಿದೀನಿ ಅಂತ ಗಾಬರಿಯಾಗಿ ಪ್ಲಾನ್ ತೆಗೆದು ನೋಡಿದ್ರೆ ಡೆಕ್ ಸರಿಯಾಗೇ ಇದೆ. ಬಂಡೀನೇ ಎತ್ತರ. ಹಡಗಿಗಿಂತ ಫಿರಂಗಿ ದೊಡ್ಡದು.

ಆಗ, ಐದು ತಿಂಗಳಾದ್ಮೇಲೆ, ಮೊದಲ್ನೇ ಸಲ ನಾನು ಟೇಪ್ ತಗೊಂಡೆ.

ವಿಕ್ಟರಿಯ ಗನ್‌ಡೆಕ್, ಅಂದ್ರೆ ಫಿರಂಗಿ ಸಾಲಾಗಿ ನಿಲ್ಲೋ ಡೆಕ್, ಅದರ ಉದ್ದ 186 ಅಡಿ, ಅಂದ್ರೆ 56.7 ಮೀಟರ್. ಇದು ಯಾರಿಗೆ ಬೇಕಾದ್ರೂ ಸಿಗೋ ಲೆಕ್ಕ. 72ರಿಂದ ಭಾಗಿಸಿದ್ರೆ 78 ಸೆಂಟಿಮೀಟರ್ ಮೇಲೆ ಬರ್ಬೇಕು. ನನ್ನ ಹಡಗಲ್ಲಿ ಅದೇ ಡೆಕ್ ಅಳೆದೆ. 56.5. ಟೇಪ್ ಸರಿ ಹಿಡಿದಿಲ್ಲ ಅಂತ ಮತ್ತೆ ಅಳೆದೆ. 56.5. ಕೂತ್ಕೊಂಡೆ. 56.7 ಮೀಟರ್ ಹಡಗು, 56.5 ಸೆಂಟಿಮೀಟರ್ ಮಾಡೆಲ್. ಇದು 1:100. 1:72 ಅಲ್ವೇ ಅಲ್ಲ. ಫಿರಂಗಿ ಮಾತ್ರ 1:72, ಯಾಕಂದ್ರೆ ಅದು ಲೋಹದ ಎರಕ, ಎಲ್ಲಿಂದಲೋ ರೆಡಿ ತಂದು ಹಾಕಿದ್ದಾನೆ.

ಆಗ ನೆನಪಾಯ್ತು ಆ ಗಾಡಿ. ಆ ಒಂದು ವಾರ, ಆ ಬೊಬ್ಬೆ. ಅಸಲಿ ಪ್ಲಾನ್ ಐದು ಮಿಲಿಮೀಟರ್ ಪ್ಲೈವುಡ್‌ಗೆ ಮಾಡಿದ್ದಿರ್ಬೇಕು. ಇಡೀ ಡ್ರಾಯಿಂಗನ್ನೇ ಕುಗ್ಗಿಸಿದ್ರೆ ಗಾಡಿಯ ಅಗಲಾನೂ ಕುಗ್ಗುತ್ತೆ ಅಲ್ವಾ? 5 ಇಂಟು 72 ಬೈ 100, ಅಂದ್ರೆ 3.6. ಉಳಿದ ಪ್ಲೈ ತುಂಡಿಗೆ ಕ್ಯಾಲಿಪರ್ ಹಿಡಿದೆ, 4 ಮಿಲಿಮೀಟರ್. ನಾನು ಅರ ಹಾಕ್ದೆ ಬಿಟ್ಟಿದ್ದ ಒಂದೇ ಒಂದು ಗಾಡಿ ಹಾಳಾದ ಪೀಸ್‌ನಲ್ಲಿ ಉಳ್ಕೊಂಡಿತ್ತು, ಅದಕ್ಕೂ ಹಿಡಿದೆ. 3.6. ಕರೆಕ್ಟಾಗಿ 3.6! ನಾಲ್ಕನೇ ದಿನವೇ ಹಡಗು ನನಗೆ ಹೇಳಿತ್ತು ಮಾರಾಯ್ರೆ, ನಾನು ಕೇಳಿದ್ದು ಮಾತ್ರ ಅವನ ಮಾತು. ಟೈಟ್ ಫಿಟ್ ಅಂತೆ, ಕ್ವಾಲಿಟಿ ಅಂತೆ.

ಫಿರಂಗಿ ಫೋಟೋ, ಟೇಪ್ ಫೋಟೋ, ಕ್ಯಾಲಿಪರ್ ಫೋಟೋ, ಲೆಕ್ಕ ಎಲ್ಲ ಬರೆದು ಕಳಿಸಿದೆ. ಮೊದಲ್ನೇ ಉತ್ತರ:

"ಕಿಂಡಿ ಸ್ವಲ್ಪ ದೊಡ್ಡದು ಮಾಡ್ಕೊಳ್ಳಿ ಸರ್."

ಪ್ಲಾಂಕಿಂಗ್ ಎರಡೂ ಪದರ ಮುಗಿದ ಹಡಗಿಗೆ, ಎರಡೂ ಕಡೆಯ ಎಲ್ಲಾ ಕಿಂಡಿ ದೊಡ್ಡದು ಮಾಡ್ಬೇಕಂತೆ. ಸ್ಕೇಲ್ ಬಗ್ಗೆ ಹೇಳಿ ಅಂತ ಮತ್ತೆ ಕೇಳ್ದೆ. "ಸ್ಕೇಲ್ ಅಂದಾಜು ಸರ್, ಹ್ಯಾಂಡ್‌ಮೇಡ್ ಅಲ್ವಾ." ಲೇಸರ್ ಕಟ್ ಅಂತ ಮಾರಿದ್ದು ಒಂದೇ ಸಲಕ್ಕೆ ಹ್ಯಾಂಡ್‌ಮೇಡ್ ಆಯ್ತು. 78ಕ್ಕೂ 56ಕ್ಕೂ ಎಂಥಾ ಅಂದಾಜು ಅಂತ ಕೇಳಿದ್ರೆ ಎರಡು ದಿನ ಸುಮ್ನಿದ್ದು ಆಮೇಲೆ, "ನೀವು ಕಿಟ್ ಜೋಡಿಸಿಬಿಟ್ಟಿದ್ದೀರಿ, ಬಳಸಿದ ಐಟಂ ವಾಪಸ್ ತಗೊಳಲ್ಲ, 7 ದಿನದೊಳಗೆ ಹೇಳ್ಬೇಕಿತ್ತು." ನಾಲ್ಕನೇ ದಿನವೇ ಹೇಳಿದ್ದೆ! ನಾಲ್ಕನೇ ದಿನ! ಆ ಮೆಸೇಜಿನ ಸ್ಕ್ರೀನ್‌ಶಾಟ್ ಕಳಿಸಿದೆ. "ಅದು ಟೈಟ್ ಫಿಟ್ ವಿಷ್ಯ ಸರ್, ಇದು ಬೇರೆ ವಿಷ್ಯ."

ಇದನ್ನ ಓದಿದಾಗ ಕೈ ನಡುಗ್ತಿತ್ತು ನನಗೆ. ಸುಳ್ಳಲ್ಲ.

ಫೋಟೋ ಕಥೆ ಇನ್ನೂ ಇದೆ. ಲಿಸ್ಟಿಂಗ್‌ನಲ್ಲಿದ್ದ ಹಡಗಿನ ಒಂದು ಫೋಟೋದಲ್ಲಿ, ಎಡಗಡೆ ಅಂಚಲ್ಲಿ ಯಾರದೋ ಹೆಬ್ಬೆರಳು ಅರ್ಧ ಕಾಣುತ್ತೆ. ಅದೇ ಹೆಬ್ಬೆರಳಿನ ಅದೇ ಫೋಟೋ ಹುಡುಕಿದಾಗ ಇನ್ನೊಂದು ಕಡೆ ಸಿಕ್ತು, ಹಾಕಿದವ್ರು ಒಬ್ಬ ವಯಸ್ಸಾದ ಹವ್ಯಾಸಿ. ಬರೆದು ಕೇಳ್ದೆ. ಪಾಪ, ಅವ್ರಿಗೆ ಗೊತ್ತೇ ಇಲ್ಲ. ಅದು ಕಿಟ್ಟೇ ಅಲ್ವಂತೆ, ಪೇರ್ ಮರದಲ್ಲಿ ಒಂದೊಂದು ಪೀಸನ್ನೂ ತಾವೇ ಕೊಯ್ದು ಆರು ವರ್ಷ ಕೂತು ಕಟ್ಟಿದ್ದಂತೆ. ಇದನ್ನೂ ಮಾರಿದವ್ನಿಗೆ ಹೇಳ್ದೆ. ಅದಕ್ಕೆ ಬಂದ ಉತ್ತರ, "ಫೋಟೋ ಪ್ರೇರಣೆಗೆ ಮಾತ್ರ ಸರ್."

ನೀವು ತಗೊಳ್ಳೋದಿದ್ರೆ, ದುಡ್ಡು ಕೊಡೋಕೆ ಮುಂಚೆ ಕೀಲ್ ಪೀಸಿನ ಉದ್ದ ಮಿಲಿಮೀಟರ್‌ನಲ್ಲಿ ಬರೆದು ಕೊಡು ಅಂತ ಕೇಳಿ. ಮುಗಿದ ಹಡಗಿನ ಫೋಟೋ ಬೇಡ, ಬಾಕ್ಸ್ ಒಳಗಿನ ಶೀಟ್‌ಗಳ ಫೋಟೋ ಕೇಳಿ, ಪಕ್ಕದಲ್ಲಿ ಅಳತೆಪಟ್ಟಿ ಇಟ್ಟು. ಕೊಡಲ್ಲ ಅಂದ್ರೆ ಬಿಡಿ. ಬಂದ ದಿನವೇ ಒಂದು ಫಿರಂಗಿ, ಒಂದು ಗಾಡಿ, ಒಂದು ಪಟ್ಟಿ, ಇಷ್ಟು ಅಳೆದು ಕೆರೆದು ನೋಡಿ, ಆಮೇಲೆ ಗಮ್ಮಿನ ಬಾಟ್ಲಿ ಮುಚ್ಚಳ ತೆಗೀರಿ. ಪ್ಲಾನ್ ಮೂಲೆಯಲ್ಲಿ ಬಿಳಿ ಚೌಕ ಕಂಡ್ರೆ ಅಲ್ಲೇ ವಾಪಸ್ ಹಾಕಿ. ಟೈಟ್ ಫಿಟ್ ಅಂದ್ರೆ ಕ್ವಾಲಿಟಿ ಅಂತ ಯಾರಾದ್ರೂ ಹೇಳಿದ್ರೆ, ನಾನೇ ಹೇಳಿದ್ರೂ, ನಂಬ್ಬೇಡಿ.

ಹಡಗು ಬೀರು ಮೇಲಿದೆ, ಬಟ್ಟೆ ಮುಚ್ಚಿದೀನಿ. 1:100ರ ಫಿರಂಗಿ ಬೇರೆ ತರಿಸಿ ಮುಗಿಸು ಅಂತ ಸ್ನೇಹಿತ್ರು ಹೇಳ್ತಿದಾರೆ. ಮಾಸ್ಟು (ಹಾಯಿ ಕಂಬ), ಬ್ಲಾಕು (ಹಗ್ಗದ ರಾಟೆ), ಡೆಡ್‌ಐ ಅವೆಲ್ಲ ಯಾವ ಸ್ಕೇಲೋ ಏನೋ, ಆ ಪ್ಯಾಕೆಟ್ ಇನ್ನೂ ಬಿಚ್ಚಿಲ್ಲ, ಬಿಚ್ಚೋಕೆ ಭಯ. ನಿನ್ನೆ ರಾತ್ರಿ ಸುಮ್ನೆ ಆ ಲಿಸ್ಟಿಂಗ್ ತೆಗೆದು ನೋಡ್ದೆ. ಇನ್ನೂ ಮಾರ್ತಿದ್ದಾನೆ. ನನ್ನ ಗಲಾಟೆಗೆ ಒಂದೇ ಒಂದು ಬದಲಾವಣೆ ಆಗಿದೆ, 1:72ರ ಮುಂದೆ ಸಣ್ಣಕ್ಷರದಲ್ಲಿ "ಅಂದಾಜು" ಅಂತ ಸೇರಿಸಿದ್ದಾನೆ. ಹೆಬ್ಬೆರಳು ಹಾಗೇ ಇದೆ.