ಖಂಡ ಹಿಡಿದು ಓದಬೇಕೋ, ಸಮಸ್ಯೆ ಹಿಡಿದೋ, ಮೆಕ್ಕೆಜೋಳ ಹಿಡಿದೋ?

ಡಿಗ್ರಿಯಲ್ಲಿ ಪ್ರಪಂಚದ ಪ್ರಾದೇಶಿಕ ಭೂಗೋಳ, ಜಾಗತಿಕ ಸಮಸ್ಯೆಗಳ ಪೇಪರ್ ತಗೊಂಡವರು ಮೊದಲ ವಾರವೇ ಎಲ್ಲಿಂದ ಶುರು ಮಾಡೋದು ಅಂತ ತಡವರಿಸುತ್ತಾರೆ. ದಾವಣಗೆರೆ, ಚಿತ್ರದುರ್ಗದ ಕಡೆ ರೂಢಿಯಲ್ಲಿರುವ ದಾರಿ ಎರಡು. ಏಷ್ಯಾದಿಂದ ಹಿಡಿದು ಒಂದೊಂದೇ ಖಂಡ ಮುಗಿಸುತ್ತ ಹೋಗುವುದು ಒಂದು. ನೀರು, ಆಹಾರ, ವಲಸೆ, ಹವಾಮಾನ ಅಂತ ಸಮಸ್ಯೆವಾರು ಓದುವುದು ಇನ್ನೊಂದು. ಹೆಚ್ಚು ಜನ ಮುಟ್ಟದ ಮೂರನೆಯ ದಾರಿಯೂ ಇದೆ: ನಮ್ಮ ಹೊಲದ ಒಂದು ಬೆಳೆಯ ಬೆನ್ನು ಹತ್ತಿ ಪ್ರಪಂಚ ಸುತ್ತಿ ಬರುವುದು. ಮೂರನ್ನೂ ಪೂರ್ತಿ ಸೆಮಿಸ್ಟರ್ ನಡೆಸಿ ನೋಡಿದ ಮೇಲೆ ಕಂಡದ್ದನ್ನು ಇಲ್ಲಿ ಇಟ್ಟಿದ್ದೇವೆ.

ತೀರ್ಪು ಮೊದಲೇ ಹೇಳಿಬಿಡೋಣ. ವಿಷಯ ತಲೆಯಲ್ಲಿ ಉಳಿಯೋದರಲ್ಲಿ ಮೂರನೆಯದೇ ಮೇಲು. ಆದರೆ ಖಂಡವಾರು ಓದಿನ ನಾಲ್ಕೈದು ವಾರದ ತಳಪಾಯ ಇಲ್ಲದೆ ಅದು ನಿಲ್ಲುವುದಿಲ್ಲ. ಸಮಸ್ಯೆಯಿಂದಲೇ ಶುರು ಮಾಡಿದವರು ಎಲ್ಲರಿಗಿಂತ ಹೆಚ್ಚು ಎಡವುತ್ತಾರೆ.

ಖಂಡವಾರು

ಗೈಡುಗಳೆಲ್ಲ ಇರುವುದು ಇದೇ ಕ್ರಮದಲ್ಲಿ: ಸ್ಥಾನ, ಮೇಲ್ಮೈ ಲಕ್ಷಣ, ವಾಯುಗುಣ, ಸಸ್ಯವರ್ಗ, ಬೇಸಾಯ, ಖನಿಜ, ಕೈಗಾರಿಕೆ, ಜನಸಂಖ್ಯೆ. ಏಷ್ಯಾಕ್ಕೂ ಈ ಎಂಟೇ ತಲೆಬರಹ, ದಕ್ಷಿಣ ಅಮೆರಿಕಕ್ಕೂ ಇವೇ ಎಂಟು. ಏನೂ ಬಿಟ್ಟುಹೋಗುವುದಿಲ್ಲ, ನಕ್ಷೆ ಪ್ರಶ್ನೆಗೆ ಅಂಕ ಖಾತ್ರಿ. ಕೆಡುವುದು ಮೂರನೇ ಖಂಡದ ಹೊತ್ತಿಗೆ. ಪಂಪಾಸ್, ಪ್ರೈರಿ, ಸ್ಟೆಪ್ಪಿ, ವೆಲ್ಡ್ ನಾಲ್ಕೂ ಹುಲ್ಲುಗಾವಲು ಅನ್ನೋದು ನೆನಪಿರುತ್ತೆ, ಯಾವುದು ಎಲ್ಲಿಯದು ಅನ್ನೋದು ಕಲಸಿಹೋಗುತ್ತೆ. ಪಟ್ಟಿಯ ಹಾಗೆ ಓದಿದ್ದಕ್ಕೆ ಒಂದರಿಂದ ಇನ್ನೊಂದಕ್ಕೆ ಕೊಂಡಿಯೇ ಇರುವುದಿಲ್ಲವಲ್ಲ.

ಇದಕ್ಕೆ ನಮ್ಮ ಭಾಗದವರಿಗೆಂದೇ ಹೇಳಿ ಮಾಡಿಸಿದಂಥ ಮದ್ದಿದೆ. ದಾವಣಗೆರೆ ಇರುವುದು ಸುಮಾರು 14.5 ಡಿಗ್ರಿ ಉತ್ತರ ಅಕ್ಷಾಂಶದಲ್ಲಿ, ಚಿತ್ರದುರ್ಗ 14.2ರಲ್ಲಿ. ಎ-3 ಅಳತೆಯ ಖಾಲಿ ಪ್ರಪಂಚ ನಕ್ಷೆ ಜೆರಾಕ್ಸ್ ಮಾಡಿಸಿ, 14 ಮತ್ತು 15 ಡಿಗ್ರಿ ನಡುವೆ ಪೆನ್ಸಿಲಿನಲ್ಲಿ ಪಟ್ಟಿ ಎಳೆದು ಪಶ್ಚಿಮಕ್ಕೆ ಹೊರಡಿ. ಅರಬ್ಬಿ ಸಮುದ್ರ ದಾಟಿದರೆ ಯೆಮನ್. ಕೆಂಪು ಸಮುದ್ರದಾಚೆ ಎರಿಟ್ರಿಯಾ, ಇಥಿಯೋಪಿಯಾದ ಉತ್ತರ ತುದಿ, ಸುಡಾನ್, ಚಾಡ್, ನೈಜರ್, ಮಾಲಿ, ಕಡಲ ತಡಿಗೆ ಬಂದರೆ ಸೆನೆಗಲ್ಲಿನ ಡಾಕರ್. ಅಟ್ಲಾಂಟಿಕ್ ಆಚೆ ಮಾರ್ಟಿನಿಕ್ ದ್ವೀಪ, ಹೊಂಡುರಾಸ್, ಗ್ವಾಟೆಮಾಲ. ಪೆಸಿಫಿಕ್ ಕಳೆದ ಮೇಲೆ ಮನಿಲಾ, ವಿಯೆಟ್ನಾಂ, ಲಾವೋಸಿನ ದಕ್ಷಿಣ ತುದಿ, ಥಾಯ್ಲೆಂಡ್, ಮ್ಯಾನ್ಮಾರಿನ ಬಾಲ, ಬಂಗಾಳ ಕೊಲ್ಲಿ, ನೆಲ್ಲೂರು. ಅಲ್ಲಿಂದ ಅನಂತಪುರದ ಆಸುಪಾಸಿನಲ್ಲೇ ಹಾದು ಮತ್ತೆ ನಮ್ಮೂರು.

ಈಗ ಕೇಳಬೇಕಾದ ಪ್ರಶ್ನೆ: ಬಿಸಿಲಿನ ಕೋನ ಎಲ್ಲಾ ಕಡೆ ಒಂದೇ, ಮಳೆ ಯಾಕೆ ಬೇರೆ? ಮನಿಲಾದಲ್ಲಿ ವರ್ಷಕ್ಕೆ 2000 ಮಿ.ಮೀ. ಆಸುಪಾಸು, ಡಾಕರ್‌ನಲ್ಲಿ 500ರ ಒಳಗೆ, ನಮ್ಮ ಚಳ್ಳಕೆರೆಯೂ ಹೆಚ್ಚುಕಡಿಮೆ ಡಾಕರ್ ಸಾಲಿಗೇ. ಮನಿಲಾಕ್ಕೆ ಬೆಚ್ಚನೆಯ ಸಮುದ್ರದ ಮೇಲಿಂದ ಬರುವ ಮಾನ್ಸೂನ್ ಜೊತೆ ಟೈಫೂನ್ ಕೂಡ ಮಳೆ ತರುತ್ತದೆ. ಡಾಕರ್‌ಗೆ ಸಮಭಾಜಕದ ಮಳೆಪಟ್ಟಿ ಬೇಸಿಗೆಯಲ್ಲಿ ಮೇಲೆ ಸರಿದಾಗ ಅದರ ಉತ್ತರದ ಅಂಚು ಮಾತ್ರ ತಾಗುತ್ತದೆ, ಮೂರ್ನಾಲ್ಕು ತಿಂಗಳಿಗೆ ಮುಗಿಯಿತು. ಚಳ್ಳಕೆರೆ ಪಶ್ಚಿಮ ಘಟ್ಟದ ಮಳೆ ನೆರಳಿನಲ್ಲಿದೆ, ಅದರ ಒಳ್ಳೆ ಮಳೆ ಸೆಪ್ಟೆಂಬರ್–ಅಕ್ಟೋಬರ್‌ನದು. ಇದೊಂದು ಪಟ್ಟಿ ಅರ್ಥವಾದರೆ ಸಹೇಲ್ (ಸಹಾರಾ ಮರುಭೂಮಿಯ ದಕ್ಷಿಣದ ಅಂಚು), ಮಾನ್ಸೂನ್ ಏಷ್ಯಾ, ಮಧ್ಯ ಅಮೆರಿಕ ಮೂರು ಪ್ರದೇಶದ ವಾಯುಗುಣ ಬಾಯಿಪಾಠ ಇಲ್ಲದೆ ಬರುತ್ತದೆ.

ಖಾಲಿ ನಕ್ಷೆ ಆರಿಸುವಾಗ ಜಾಗ್ರತೆ. ಅಂಗಡಿಯಲ್ಲಿ ಸಿಗುವ ಅಗ್ಗದ ಹಾಳೆಗಳಲ್ಲಿ ಮರ್ಕೇಟರ್ ಪ್ರಕ್ಷೇಪಣೆಯವೂ (ಪ್ರಕ್ಷೇಪಣೆ ಅಂದರೆ ದುಂಡನೆಯ ಭೂಮಿಯನ್ನು ಚಪ್ಪಟೆ ಹಾಳೆಗೆ ಇಳಿಸುವ ವಿಧಾನ) ಇರುತ್ತವೆ. ಅದರಲ್ಲಿ ಗ್ರೀನ್‌ಲ್ಯಾಂಡ್ ಆಫ್ರಿಕಾದಷ್ಟೇ ದೊಡ್ಡದಾಗಿ ಕಾಣುತ್ತದೆ. ಅಸಲಿಗೆ ಆಫ್ರಿಕಾ 14 ಪಟ್ಟು ದೊಡ್ಡದು. ವಿಂಕೆಲ್ ಟ್ರಿಪೆಲ್ ನೋಡಲು ಚೆಂದ, ಆದರೆ ಅಕ್ಷಾಂಶಗಳು ಬಾಗಿರುವುದರಿಂದ ಸ್ಕೇಲ್ ಇಟ್ಟು ಗೆರೆ ಎಳೆಯಲಾಗದು. ಈ ಕೆಲಸಕ್ಕೆ ರಾಬಿನ್‌ಸನ್ ಸರಿ, ಅದರಲ್ಲಿ ಅಕ್ಷಾಂಶಗಳು ನೆಟ್ಟಗಿರುತ್ತವೆ. ಒಂದು ಹಾಳೆಗೆ ಒಂದೇ ವಿಷಯ: ನದಿ–ಪರ್ವತ ಒಂದರಲ್ಲಿ, ವಾಯುಗುಣ ಇನ್ನೊಂದರಲ್ಲಿ, ಜಲಸಂಧಿ–ಕಾಲುವೆ ಮತ್ತೊಂದರಲ್ಲಿ. ಎಲ್ಲವನ್ನೂ ಒಂದರಲ್ಲೇ ತುಂಬಿಸಿದ ನಕ್ಷೆಯನ್ನು ಪರೀಕ್ಷೆ ಹಿಂದಿನ ದಿನ ಬರೆದವರೇ ಓದಲಾರರು.

ಸಮಸ್ಯೆವಾರು

ದಿನಪತ್ರಿಕೆ ಓದುವ ಅಭ್ಯಾಸ ಇರುವವರಿಗೆ ಇದು ಸೆಳೆಯುತ್ತದೆ, ಮಾತಾಡಲೂ ಬರುತ್ತದೆ. ತೊಂದರೆ ಅಂದರೆ ಊರಿಲ್ಲದ ಉತ್ತರ. ‘ಆಫ್ರಿಕಾದಲ್ಲಿ ನೀರಿನ ಅಭಾವ ತೀವ್ರವಾಗಿದೆ’ ಅಂತ ಬರೆದು ಮುಂದಿನ ಸಾಲಿಗೆ ಹೋಗುತ್ತಾರೆ. ಕಾಂಗೋ ನದಿ ಇರುವುದೂ ಅದೇ ಖಂಡದಲ್ಲಿ, ಹರಿವಿನಲ್ಲಿ ಅಮೆಜಾನ್ ಬಿಟ್ಟರೆ ಅದೇ. ಚಾಡ್ ಸರೋವರ 90 ಶೇಕಡಾ ಬತ್ತಿದೆ ಅನ್ನುವ ಅಂಕಿಯೂ ಹೀಗೇ ಒಬ್ಬರಿಂದೊಬ್ಬರಿಗೆ ನಕಲಾಗುತ್ತ ಬಂದಿದೆ. ಅದು 1960ರ ದಶಕದಿಂದ 1980ರ ದಶಕದವರೆಗಿನ ಕುಸಿತದ ಲೆಕ್ಕ. ಆಮೇಲೆ ಇಳಿಕೆ ನಿಂತು, ನೀರು ಒಂದಿಷ್ಟು ಚೇತರಿಸಿದೆ. ಇಸವಿ ಹಾಕದೆ ಬರೆದರೆ ತಪ್ಪು ಉತ್ತರವೇ.

ಸಮಸ್ಯೆವಾರು ಓದಲೇಬೇಕಿದ್ದರೆ ಒಂದು ಸಮಸ್ಯೆಗೆ ಒಂದೇ ಜಾಗ ಹಿಡಿದು ಆಳಕ್ಕಿಳಿಯಿರಿ. ನೀರಿಗೆ ನೈಲ್ ನದಿ ಒಳ್ಳೆಯದು, ಯಾಕಂದರೆ ತುಂಗಭದ್ರಾ, ಭದ್ರಾ ಮೇಲ್ದಂಡೆ ಜಗಳ ಕೇಳುತ್ತ ಬೆಳೆದವರಿಗೆ ಮೇಲಿನವರು–ಕೆಳಗಿನವರು ಅನ್ನುವ ತಕರಾರು ಹೊಸದಾಗಿ ಕಲಿಸಬೇಕಾಗಿಲ್ಲ. 1959ರ ಒಪ್ಪಂದದಲ್ಲಿ ಈಜಿಪ್ಟ್ ವರ್ಷಕ್ಕೆ 55.5 ಶತಕೋಟಿ ಘನ ಮೀಟರ್, ಸುಡಾನ್ 18.5 ಅಂತ ಹಂಚಿಕೊಂಡವು. ನೀರಿನ ಬಹುಪಾಲು ಹುಟ್ಟುವ ಇಥಿಯೋಪಿಯಾ ಆ ಒಪ್ಪಂದದಲ್ಲೇ ಇರಲಿಲ್ಲ. ಅದು ನೀಲಿ ನೈಲಿಗೆ 2011ರಲ್ಲಿ ಅಣೆಕಟ್ಟು ಶುರು ಮಾಡಿ 2025ರ ಸೆಪ್ಟೆಂಬರ್‌ನಲ್ಲಿ ಉದ್ಘಾಟಿಸಿತು, ಸಂಗ್ರಹ 74 ಶತಕೋಟಿ ಘನ ಮೀಟರ್.

ಈ ಅಂಕಿ ನಮಗೆ ತಟ್ಟಬೇಕಾದರೆ ಟಿಎಂಸಿಗೆ ತಿರುಗಿಸಿ. ಒಂದು ಟಿಎಂಸಿ ಅಂದರೆ 2.83 ಕೋಟಿ ಘನ ಮೀಟರ್. ಹಾಗಾಗಿ ಶತಕೋಟಿ ಘನ ಮೀಟರನ್ನು 35.3ರಿಂದ ಗುಣಿಸಿದರೆ ಸಾಕು. ಈಜಿಪ್ಟಿನ ಪಾಲು ಸುಮಾರು 1960 ಟಿಎಂಸಿ, ಇಥಿಯೋಪಿಯಾದ ಅಣೆಕಟ್ಟು ಸುಮಾರು 2610 ಟಿಎಂಸಿ. ನಮ್ಮ ಭದ್ರಾ ಜಲಾಶಯ 71.5 ಟಿಎಂಸಿ, ಅಂಥವು ಮೂವತ್ತಾರು ಸೇರಿದಷ್ಟು ದೊಡ್ಡದು ಇಥಿಯೋಪಿಯಾದ್ದು. ಇಲ್ಲಿ ಬಹಳ ಜನ ಜಾರುವ ಜಾಗವೊಂದಿದೆ. 55.5 ಪ್ರತಿ ವರ್ಷದ ಪಾಲು, 74 ಅಣೆಕಟ್ಟು ಒಮ್ಮೆ ತುಂಬಿದರೆ ಹಿಡಿಯುವಷ್ಟು. ಎರಡನ್ನೂ ತಕ್ಕಡಿಗಿಟ್ಟು ‘ಇಥಿಯೋಪಿಯಾ ಈಜಿಪ್ಟಿಗಿಂತ ಹೆಚ್ಚು ನೀರು ಹಿಡಿದುಕೊಂಡಿತು’ ಅಂತ ಬರೆಯಬಾರದು. ಜಗಳ ಇರುವುದು ಎಷ್ಟು ವರ್ಷದಲ್ಲಿ ತುಂಬಿಸುತ್ತಾರೆ, ಬರದ ವರ್ಷ ಎಷ್ಟು ಬಿಡುತ್ತಾರೆ ಅನ್ನುವುದರ ಮೇಲೆ.

ಮೆಕ್ಕೆಜೋಳದ ಬೆನ್ನು ಹತ್ತಿ

ದಾವಣಗೆರೆ ಎಪಿಎಂಸಿಯಲ್ಲಿ ರಾಶಿ ಬಿದ್ದಿರುವ ಮೆಕ್ಕೆಜೋಳದಿಂದ ಶುರು ಮಾಡಿ. ತವರು ಮೆಕ್ಸಿಕೋ. ಇವತ್ತು ಪ್ರಪಂಚದ ಬೆಳೆಯಲ್ಲಿ ಮೂರರಲ್ಲೊಂದು ಭಾಗದ ಹತ್ತಿರ ಅಮೆರಿಕದ್ದೇ, ಅದರಲ್ಲೂ ಅಯೋವಾ, ಇಲಿನಾಯ್ ಸುತ್ತಿನ ಬಯಲಿನದು. ಅಲ್ಲಿನ ಲೆಕ್ಕ ಬುಷೆಲ್‌ನಲ್ಲಿರುತ್ತದೆ. ಮೆಕ್ಕೆಜೋಳದ ಒಂದು ಬುಷೆಲ್ ಅಂದರೆ 25.4 ಕೆಜಿ. 2023ರಲ್ಲಿ ಎಕರೆಗೆ ಸರಾಸರಿ 177 ಬುಷೆಲ್ ಬಂತು, ಅಂದರೆ 45 ಕ್ವಿಂಟಾಲ್. ಮಳೆ ನಂಬಿದ ನಮ್ಮ ಹೊಲದಲ್ಲಿ ಅದರ ಅರ್ಧ ಬಂದರೂ ಒಳ್ಳೆ ಬೆಳೆಯೇ. ಯಾಕೆ ಅನ್ನುವುದಕ್ಕೆ ಉತ್ತರ ಹುಡುಕಿದರೆ ಮಣ್ಣು, ಬೇಸಿಗೆಯ ಉದ್ದನೆಯ ಹಗಲು, ಕುಲಾಂತರಿ ಬೀಜ, ಹಿಡುವಳಿಯ ಗಾತ್ರ ಎಲ್ಲ ಬರುತ್ತದೆ. ಉತ್ತರ ಅಮೆರಿಕದ ಬೇಸಾಯದ ಅಧ್ಯಾಯ ಅಲ್ಲಿಗೆ ಮುಗಿಯಿತು. ಅವರ ಬೆಳೆಯ ಮೂರರಲ್ಲೊಂದಕ್ಕೂ ಹೆಚ್ಚು ಭಾಗ ಇಥನಾಲ್‌ಗೆ ಹೋಗುತ್ತದೆ. ಆಹಾರವೋ ಇಂಧನವೋ ಅನ್ನುವ ಪ್ರಶ್ನೆಗೆ ಇದೇ ಉದಾಹರಣೆ. ಬ್ರೆಜಿಲ್‌ನವರು ಸೋಯಾ ಕೊಯ್ದ ಹೊಲದಲ್ಲೇ ಎರಡನೇ ಬೆಳೆಯಾಗಿ ಇದನ್ನು ಬಿತ್ತುತ್ತಾರೆ. ಉಕ್ರೇನಿನದು 2022ರ ಯುದ್ಧದಲ್ಲಿ ಒಡೆಸಾ ಬಂದರಿನಲ್ಲೇ ಸಿಕ್ಕಿಬಿತ್ತು, ಅದೇ ಜುಲೈನಿಂದ ಮುಂದಿನ ವರ್ಷದ ಜುಲೈವರೆಗೆ ಒಪ್ಪಂದದ ಮೇಲೆ ಕಪ್ಪು ಸಮುದ್ರ, ಬಾಸ್ಫರಸ್ ಜಲಸಂಧಿ ದಾಟಿ ಹೊರಬಂತು.

ಇನ್ನು ಹುಳು. ಸುಳಿಯೊಳಗೆ ಮರದ ಹೊಟ್ಟಿನಂಥ ಹಿಕ್ಕೆ, ಹುಳುವಿನ ತಲೆ ಮೇಲೆ ತಲೆಕೆಳಗಾದ ವೈ ಗುರುತು, ಹಿಂಭಾಗದಲ್ಲಿ ಚೌಕಾಕಾರವಾಗಿ ನಾಲ್ಕು ಚುಕ್ಕೆ ಇದ್ದರೆ ಅದು ಅಮೆರಿಕ ಖಂಡದ ಸೈನಿಕ ಹುಳು. 2016ರಲ್ಲಿ ಪಶ್ಚಿಮ ಆಫ್ರಿಕಾದಲ್ಲಿ ಕಾಣಿಸಿತು. 2018ರಲ್ಲಿ ನಮ್ಮ ಪಕ್ಕದ ಶಿವಮೊಗ್ಗದ ಹೊಲಗಳಲ್ಲಿ ಸಿಕ್ಕಿತು, ದೇಶದಲ್ಲೇ ಮೊದಲು. 2019ಕ್ಕೆ ಚೀನಾ, 2020ಕ್ಕೆ ಆಸ್ಟ್ರೇಲಿಯಾ. ಜಾಗತೀಕರಣದ ಮೇಲೆ ಬರೆಯಲು ಮೊಬೈಲ್, ಪಿಜ್ಜಾ ಬಿಟ್ಟು ಇದನ್ನು ಬರೆಯುವವರು ಕಡಿಮೆ. ಬರೆದವರ ಉತ್ತರ ಎದ್ದು ಕಾಣುತ್ತದೆ.

ಅತಿ ಹೆಚ್ಚು ಕಲಿಸುವುದು ಮಾತ್ರ ಗೊಬ್ಬರದ ಚೀಲ. 45 ಕೆಜಿ ಯೂರಿಯಾ ಚೀಲದಲ್ಲಿ ಸಾರಜನಕ ಶೇ. 46, ಅದನ್ನು ಮಾಡಲು ನೈಸರ್ಗಿಕ ಅನಿಲ ಬೇಕು. ಅಲ್ಲಿಗೆ ಕೊಲ್ಲಿ ದೇಶಗಳು ಬಂದವು. ನಕ್ಷೆ ತೆಗೆದು ನೋಡಿ: ಕತಾರಿನಿಂದ ಹೊರಟ ಹಡಗು ಹಾರ್ಮುಜ್ ಜಲಸಂಧಿ ದಾಟಲೇಬೇಕು, ಒಮಾನಿನ ಸೂರ್‌ನಿಂದ ಹೊರಟದ್ದಕ್ಕೆ ಆ ತಾಪತ್ರಯ ಇಲ್ಲ, ಊರೇ ಜಲಸಂಧಿಯ ಹೊರಗಿದೆ. ಡಿಎಪಿಯ ರಂಜಕಕ್ಕೆ ಮೊರಾಕ್ಕೊ. ಗೊತ್ತಿರುವ ಫಾಸ್ಫೇಟ್ ನಿಕ್ಷೇಪದಲ್ಲಿ ಮೂರರಲ್ಲೆರಡು ಭಾಗ ಅಲ್ಲಿ ಮತ್ತು ಪಶ್ಚಿಮ ಸಹಾರಾದಲ್ಲಿದೆ, ಪಶ್ಚಿಮ ಸಹಾರಾ ಯಾರದು ಅನ್ನುವ ವಿವಾದವೂ ಅಲ್ಲೇ ಸಿಗುತ್ತದೆ. ಪೊಟ್ಯಾಷ್ ನಮಗೆ ಬಹುತೇಕ ಪೂರ್ತಿ ಆಮದು: ಕೆನಡಾ, ರಷ್ಯಾ, ಬೆಲಾರಸ್ ಕಡೆಯದು. ಬೆಲಾರಸ್‌ಗೆ ಕಡಲಿಲ್ಲ. ಲಿಥುವೇನಿಯಾದ ಬಂದರಿನ ದಾರಿ 2022ರಲ್ಲಿ ಮುಚ್ಚಿದಾಗ ಅದರ ಸರಕು ಒಳಗೇ ಉಳಿಯಿತು. ಭೂಆವೃತ ದೇಶದ ಕಷ್ಟ ಏನು ಅನ್ನುವುದಕ್ಕೆ ಇದಕ್ಕಿಂತ ವಿವರಣೆ ಬೇಕಿಲ್ಲ.

ನಕ್ಷೆಯಲ್ಲಿ ಒಳಬರುವುದಕ್ಕೆ ಕೆಂಪು ಬಾಣ, ಹೊರಹೋಗುವುದಕ್ಕೆ ಕಪ್ಪು. ಪ್ರತಿ ಬಾಣದ ಮೇಲೆ ನಾಲ್ಕೇ ಮಾತು: ಏನು, ಎಲ್ಲಿಂದ, ಯಾವ ಜಲಸಂಧಿ, ಏನಾದರೆ ನಿಲ್ಲುತ್ತದೆ. ಹನ್ನೆರಡು ಬಾಣ ದಾಟಿದರೆ ಇನ್ನೊಂದು ಹಾಳೆ ತಗೊಳ್ಳಿ.

ಇದರಲ್ಲೂ ತೂತುಗಳಿವೆ. ಜಪಾನ್ ಖರೀದಿದಾರನಾಗಿ ಇಣುಕಿ ಹೋಗುತ್ತದೆ, ಅದರ ಕೈಗಾರಿಕೆ ಬರುವುದೇ ಇಲ್ಲ. ಸೈಬೀರಿಯಾ, ಪೆಸಿಫಿಕ್ ದ್ವೀಪಗಳು, ಅಂಟಾರ್ಕ್ಟಿಕಾ ಪೂರ್ತಿ ಹೊರಗೆ. ವಲಸೆ, ಜನಸಂಖ್ಯೆ ಬರುವುದೂ ಅರೆಬರೆ. ಬೆಳೆ ಆರಿಸುವುದರಲ್ಲೂ ತಪ್ಪಬಹುದು. ಚನ್ನಗಿರಿ ಕಡೆಯವರು ಸಹಜವಾಗಿ ಅಡಿಕೆ ಹಿಡಿಯುತ್ತಾರೆ, ಅದು ದಕ್ಷಿಣ ಮತ್ತು ಆಗ್ನೇಯ ಏಷ್ಯಾ ಬಿಟ್ಟು ಆಚೆ ಕಾಲಿಡುವುದು ಕಡಿಮೆ. ಚಳ್ಳಕೆರೆಯವರಿಗೆ ಶೇಂಗಾ ಚೆನ್ನಾಗಿ ಒದಗುತ್ತದೆ: ತವರು ದಕ್ಷಿಣ ಅಮೆರಿಕ, ಫ್ರೆಂಚರ ಕಾಲದಲ್ಲಿ ಸೆನೆಗಲ್ಲಿನ ವಾಣಿಜ್ಯ ಬೆಳೆ, ಇವತ್ತು ಚೀನಾ ಮುಂದೆ, ಅಡುಗೆಮನೆಯಲ್ಲಿ ಅದರ ಎಣ್ಣೆಗೆ ಪೈಪೋಟಿ ಇಂಡೋನೇಷ್ಯಾ–ಮಲೇಷ್ಯಾದ ತಾಳೆಎಣ್ಣೆ. ಹತ್ತಿ ಹಿಡಿದರೆ ದಾವಣಗೆರೆಯ ಮಿಲ್ಲುಗಳಿಂದ ಮಧ್ಯ ಏಷ್ಯಾದ ಆರಲ್ ಸಮುದ್ರಕ್ಕೆ ನೇರ ದಾರಿ: 1960ರ ದಶಕದಿಂದ ಅಮು, ಸಿರ್ ನದಿಗಳನ್ನು ಹತ್ತಿ ಹೊಲಕ್ಕೆ ತಿರುಗಿಸಿ ಸೋವಿಯತ್ತಿನವರು ಅದನ್ನು ಬತ್ತಿಸಿದರು. 2005ರಲ್ಲಿ ಕಟ್ಟಿದ ಕೋಕ್-ಆರಲ್ ಒಡ್ಡಿನಿಂದ ಉತ್ತರದ ತುಂಡು ಮಾತ್ರ ಚೇತರಿಸಿತು.

ಹಾಗಾದರೆ ಹೇಗೆ ಹೊಂದಿಸುವುದು

16 ವಾರ ಸಿಕ್ಕರೆ ಮೊದಲ ಐದು ಖಂಡವಾರು, ಅದೂ 14 ಡಿಗ್ರಿ ಪಟ್ಟಿಯಿಂದ ಆರಂಭಿಸಿ. ಮುಂದಿನ ಏಳು ವಾರ ಬೆಳೆ ಮತ್ತು ಗೊಬ್ಬರ. ಉಳಿದದ್ದು ಸಮಸ್ಯೆಗಳಿಗೆ, ಒಂದೊಂದಕ್ಕೂ ಒಂದೊಂದೇ ಜಾಗ. ಸ್ಪರ್ಧಾತ್ಮಕ ಪರೀಕ್ಷೆಗೂ ಕೂತಿರುವವರು ಖಂಡವಾರು ಪಾಲನ್ನು ಹಿಗ್ಗಿಸಿಕೊಳ್ಳಲಿ, ಅಲ್ಲಿ ಜಲಸಂಧಿ, ರಾಜಧಾನಿ ಬಿಡಿ ಬಿಡಿಯಾಗಿ ಕೇಳುತ್ತಾರೆ. 10 ಅಂಕದ ಉತ್ತರದಲ್ಲಿ ಮೂರು ಊರು ಅಥವಾ ನದಿಯ ಹೆಸರು, ಇಸವಿ–ಅಳತೆ ಸಮೇತ ಎರಡು ಅಂಕಿ, ಅಂಗೈ ಅಗಲದ ಒಂದು ರೇಖಾನಕ್ಷೆ ಇರಲಿ.

ಅಟ್ಲಾಸ್ ಸೆಕೆಂಡ್ ಹ್ಯಾಂಡ್ ಕೊಳ್ಳುವುದಾದರೆ ಮೊದಲು ಆಫ್ರಿಕಾ ಪುಟ ತೆಗೆಯಿರಿ. ದಕ್ಷಿಣ ಸುಡಾನ್ ಇಲ್ಲದಿದ್ದರೆ ಅದು 2011ಕ್ಕಿಂತ ಹಿಂದಿನದು. ಸ್ವಾಜಿಲ್ಯಾಂಡ್ ಅಂತ ಇದ್ದರೆ 2018ರ ಹೆಸರು ಬದಲಾವಣೆ ಸೇರಿಲ್ಲ, ಯುರೋಪ್ ಪುಟದ ಮ್ಯಾಸಿಡೋನಿಯಾಕ್ಕೆ ‘ಉತ್ತರ’ ಇಲ್ಲದಿದ್ದರೆ 2019ರದೂ ಇಲ್ಲ. ಕಜಕಸ್ತಾನದ ರಾಜಧಾನಿ ನಂಬಿ ಮಾತ್ರ ವರ್ಷ ಹೇಳಬೇಡಿ: ಅಸ್ತಾನಾ 2019ರಲ್ಲಿ ನೂರ್-ಸುಲ್ತಾನ್ ಆಗಿ, 2022ರಲ್ಲಿ ತಿರುಗಿ ಅಸ್ತಾನಾ ಆಯಿತು. ನದಿ, ಪರ್ವತ, ವಾಯುಗುಣದ ಪುಟಗಳಿಗೆ ಹಳೆಯ ಅಟ್ಲಾಸ್ ಧಾರಾಳವಾಗಿ ನಡೆಯುತ್ತದೆ, ಆರಲ್ ಸಮುದ್ರದ ಪುಟವೊಂದನ್ನು ಬಿಟ್ಟು.